ಹಾಳೆಯ ಹಿಂಬದಿ

ನನಗೆ ಪೆನ್ನನ್ನು ಒತ್ತಿ ಬರೆಯುವ ಅಭ್ಯಾಸ. ಕೆಂಪು ಬಾಲ್‌ಪೆನ್ನಿನಲ್ಲಿ ಒಂದು ರೈಟ್ ಮಾರ್ಕು ಹಾಕಿದರೆ ಅದು ಹಾಳೆಯ ಹಿಂಬದಿಯಲ್ಲೂ ಉಬ್ಬಿ ನಿಲ್ಲುತ್ತಿತ್ತು. ನನ್ನ ಕೈಗೆ ಸಿಕ್ಕ ನೋಟ್‌ಬುಕ್ಕಿಗೆ ದೇವರೇ ಗತಿ ಎಂದು ಜೊತೆಯ ಟೀಚರುಗಳು ಚುಡಾಯಿಸುತ್ತಿದ್ದರು. ನಾನೂ ನಗುತ್ತಿದ್ದೆ. ಈಗ ಯಾರ ನೋಟ್‌ಬುಕ್ಕು ಕೈಗೆ ಬಂದರೂ ಹಾಳೆ ತಿರುಗಿಸಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ನಗು ಬರುವುದಿಲ್ಲ.

ಆಗ ನಾನು ಆ ಊರಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೆ. ಇಂಗ್ಲಿಷ್ ಕಲಿಸುವವಳು, ಊರವರ ಬಾಯಲ್ಲಿ ಅಕ್ಕೋರು. ಹೊಸ ಕೆಲಸದ ಹುರುಪು ಎಷ್ಟಿತ್ತೆಂದರೆ ಊರಿನ ಎಮ್ಮೆಗಳಿಗೂ ವ್ಯಾಕರಣ ಕಲಿಸಿಬಿಡುತ್ತೇನೆ ಎಂಬಂತಿದ್ದೆ. ಮೊದಲ ವಾರದಲ್ಲೇ ಬಳೆ ಅಂಗಡಿಯ ಗುರಪ್ಪ ಮಗಳನ್ನು ಕರೆದುಕೊಂಡು ಸ್ಟಾಫ್ ರೂಮಿಗೆ ಬಂದ. ಹುಡುಗಿಯ ಹೆಸರು ಕಸ್ತೂರಿ. ಹಿಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿದ್ದಳು.

“ಅಕ್ಕೋರ, ಇದೊಂದ್ ವರ್ಷ ನೋಡ್ತೇನ್ರಿ,” ಎಂದ ಗುರಪ್ಪ. “ಪಾಸಾದ್ಲಂದ್ರ ನರ್ಸ್ ಟ್ರೇನಿಂಗಿಗೆ ಕಳಸ್ತೇನಿ, ಮಾತು ಕೊಟ್ಟೇನಿ. ಇಲ್ಲಂದ್ರ ಲಗ್ನ ಮಾಡಿ ಕೈ ತೊಳಕೊಳ್ಳಾವ. ಗಂಡಿನವರು ಆಗ್ಲೇ ಕೇಳಾಕತ್ಯಾರ.”

ಕಸ್ತೂರಿ ಅಪ್ಪನ ಬೆನ್ನ ಹಿಂದಿನಿಂದಲೇ ನನ್ನನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆ ಇತ್ತು. ಆ ಕಣ್ಣುಗಳಿಗೆ ಆಗ ನಾನು ಸ್ಪಷ್ಟವಾಗಿಯೇ ಕಾಣುತ್ತಿದ್ದೆ.

ಹುಡುಗಿಯರೆಲ್ಲ ಮುಗ್ಗರಿಸುತ್ತಿದ್ದದ್ದು ಪ್ರೆಸೆಂಟ್ ಪರ್ಫೆಕ್ಟ್ ಎಂಬ ಕಾಲದಲ್ಲಿ. ಅದನ್ನು ಮನೆಯ ಮಾತಿನಿಂದಲೇ ಕಲಿಸೋಣವೆಂದು ನಾನು ಹೊರಟೆ. “ಮೆಹಂದಿ ಹಚ್ಕೊಂಡೆ ಅಂದ್ರ ಆ ಕೆಲಸ ಅಲ್ಲಿಗೆ ಮುಗೀತು. ಮೆಹಂದಿ ಹಚ್ಕೊಂಡೇನಿ ಅಂದ್ರ? ಕೈ ಇನ್ನೂ ಕೆಂಪಗ ಐತಿ, ನೋಡ್ರಿ ಅಂತ ಅರ್ಥ. ಆಗಿಹೋದದ್ದರ ಗುರುತು ಇನ್ನೂ ಉಳಿದಿರಬೇಕು,” ಎಂದೆ. ಹುಡುಗಿಯರು ತಲೆಯಾಡಿಸಿದರು. ಮರುದಿನ ನಲವತ್ತು ನೋಟ್‌ಬುಕ್ಕುಗಳಲ್ಲಿಯೂ ಗೈಡಿನಿಂದ ಇಳಿಸಿದ ಒಂದೇ ವಾಕ್ಯ: ನಾನು ಸೇಬುಹಣ್ಣು ತಿಂದಿದ್ದೇನೆ. ಆ ಊರಿನಲ್ಲಿ ಸೇಬುಹಣ್ಣು ತಿನ್ನಬೇಕಾದರೆ ಜ್ವರವೇ ಬರಬೇಕಿತ್ತು.

ನನಗೆ ಸಿಟ್ಟು ಬಂತು. ಅಂದೇ ಒಂದು ಕಟ್ಟಳೆ ಮಾಡಿದೆ. ದಿನಕ್ಕೆ ಐದು ವಾಕ್ಯ, ಎಲ್ಲವೂ ಅದೇ ಕಾಲದಲ್ಲಿ, ಎಲ್ಲವೂ ತಮ್ಮ ಮನೆಯ, ತಮ್ಮ ಮೈಯ, ತಮ್ಮ ಓಣಿಯ ಸಂಗತಿ. ಸುಳ್ಳು ಬರೆದರೆ ವ್ಯಾಕರಣ ಸರಿಯಿದ್ದರೂ ಮಾರ್ಕಿಲ್ಲ. ಕಟ್ಟಳೆ ಮಾಡಿದವಳು ನಾನು. ಅದನ್ನು ಅಕ್ಷರಶಃ ನಂಬಿದವಳು ಕಸ್ತೂರಿ ಒಬ್ಬಳೇ.

ದಿನಕ್ಕೆ ಇನ್ನೂರು ವಾಕ್ಯ. ನಾನು ಓದುತ್ತಿರಲಿಲ್ಲ, ತಿದ್ದುತ್ತಿದ್ದೆ. ಎರಡಕ್ಕೂ ಅಂತರವಿದೆಯೆಂದು ಅಂದು ಯಾರಾದರೂ ಹೇಳಿದ್ದರೆ ಅವರನ್ನೂ ತಿದ್ದುತ್ತಿದ್ದೆ. ‘ಹ್ಯಾವ್’ ಇದೆಯೇ, ‘ಹ್ಯಾಸ್’ ಇದೆಯೇ, ಅದರ ಮುಂದಿನ ಕ್ರಿಯಾಪದದ ರೂಪ ಸರಿಯೇ ಎಂದು ಕಣ್ಣು ಓಡಿಸಿ, ಮಾರ್ಕು ಒತ್ತಿ, ಮುಂದಿನದಕ್ಕೆ. ಗೋಧಿಯಲ್ಲಿ ಹರಳು ಆರಿಸುವವಳಿಗೆ ಗೋಧಿ ಎಲ್ಲಿ ಕಾಣುತ್ತದೆ?

ದಸರೆ ರಜೆ ಮುಗಿದ ಮೇಲೆ ಕಸ್ತೂರಿಯ ಒಂದು ವಾಕ್ಯ ಮಾತ್ರ ನನ್ನ ಪೆನ್ನನ್ನು ನಿಲ್ಲಿಸಿತು. ಐ ಹ್ಯಾವ್ ಸೀನ್ ಸೆವೆನ್ ಬ್ಯಾಂಗಲ್ಸ್ ಅರೌಂಡ್ ದ ಲ್ಯಾಂಪ್. ದೀಪದ ಸುತ್ತ ನಾನು ಏಳು ಬಳೆಗಳನ್ನು ಕಂಡಿದ್ದೇನೆ. ಬಳೆಗಾರನ ಮಗಳಿಗೆ ಇದಕ್ಕಿಂತ ಚೆಂದದ ಹೋಲಿಕೆ ಹೊಳೆಯಲು ಸಾಧ್ಯವೇ? ನಾನು ಹಿಗ್ಗಿಹೋದೆ. ಅವಳನ್ನು ಕಪ್ಪುಹಲಗೆಯ ಮುಂದೆ ನಿಲ್ಲಿಸಿ, ಆ ವಾಕ್ಯವನ್ನು ಗಟ್ಟಿಯಾಗಿ ಓದಿಸಿ, ತರಗತಿಯಿಂದ ಚಪ್ಪಾಳೆ ಹೊಡೆಸಿದೆ. “ಏಳು ಬಣ್ಣದ್ವೇನವಾ?” ಎಂದು ಕೇಳಿದೆ.

“ಹೌದ್ರಿ ಅಕ್ಕೋರ. ಹೊರಗಿಂದು ಕೆಂಪು, ಒಳಗಿಂದು ನೀಲಿ,” ಎಂದಳು. ಚಪ್ಪಾಳೆಗೆ ಅವಳ ಮುಖ ಅರಳಲಿಲ್ಲ. ನನ್ನಿಂದ ಇನ್ನೇನೋ ಮಾತು ಬರುತ್ತದೆಂದು ಕಾಯುವವಳ ಹಾಗೆ ಒಂದು ಗಳಿಗೆ ನಿಂತೇ ಇದ್ದಳು. ನಾನು ಕೂರಲು ಹೇಳಿದೆ.

ಚಳಿಗಾಲದ ಹೊತ್ತಿಗೆ ಅವಳ ಅಕ್ಷರ ಕೆಟ್ಟಿತು. ಮೊದಲು ದಪ್ಪವಾಯಿತು, ಆಮೇಲೆ ಗೆರೆ ಬಿಟ್ಟು ಇಳಿಯತೊಡಗಿತು. ನಾನು ಅಕ್ಷರದ ಅಂದಕ್ಕೆ ಇಟ್ಟಿದ್ದ ಮಾರ್ಕು ಕಡಿದು, “ಗೆರಿ ಇರೂದು ಯಾತಕ್ಕ? ಅದರ ಮ್ಯಾಲೆ ಬರಿ,” ಎಂದು ಗದರಿದೆ. ಮರುದಿನ ಪ್ರತಿ ವಾಕ್ಯದ ಕೆಳಗೂ ಅಡಿಪಟ್ಟಿಯಿಟ್ಟು ಅದರ ಅಂಚಿನಗುಂಟ ಬರೆದುಕೊಂಡು ಬಂದಿದ್ದಳು. ಇನ್ನೊಮ್ಮೆ ಅಂಗಳದಲ್ಲಿ ಅವಳ ಪಕ್ಕಕ್ಕೆ ನಿಂತು ನೋಟ್‌ಬುಕ್ಕು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. “ತಗೋ,” ಎಂದಾಗ ಕತ್ತಷ್ಟೇ ಅಲ್ಲ, ಇಡೀ ಮೈಯನ್ನೇ ನನ್ನ ಕಡೆ ತಿರುಗಿಸಿ, ತಡವಿ ತೆಗೆದುಕೊಂಡಳು. ಚಪ್ಪಾಳೆ ತಲೆಗೇರಿದೆ ಎಂದುಕೊಂಡೆ.

ಆದರೂ ವಾಕ್ಯಗಳು ಮಾತ್ರ ತಪ್ಪುತ್ತಿರಲಿಲ್ಲ. ಐದಕ್ಕೆ ಐದು. ಈ ಸಲ ಪಾಸಾಗುತ್ತಾಳೆಂದು ಗುರಪ್ಪನಿಗೆ ನಾನೇ ಹೇಳಿ ಕಳುಹಿಸಿದೆ. ಹೇಳಿದಂತೆಯೇ ಆಯಿತು. ಇಂಗ್ಲಿಷಿನಲ್ಲಿ ಅವಳಿಗೆ ಐವತ್ತೊಂದು ಅಂಕ ಬಂತು.

ಫಲಿತಾಂಶದ ಹಾಳೆಯನ್ನು ಒಯ್ಯಲು ಗುರಪ್ಪ ಒಬ್ಬನೇ ಬಂದ. ಪೇಡೆಯ ಪೊಟ್ಟಣ ತಂದಿರುತ್ತಾನೆಂದು ನೋಡಿದರೆ ಬರಿಗೈ. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಪರೀಕ್ಷೆ ಮುಗಿದ ಮರುದಿನ ಬಾವಿಕಟ್ಟಿ ಎಡವಿ ಬಿದ್ಲ್ರಿ,” ಎಂದ. “ಆಗ ಬಾಯಿ ಬಿಟ್ಲು, ಕಣ್ಣು ಕಾಣವಲ್ದು ಅಂತ. ದೊಡ್ಡ ದವಾಖಾನಿಗೆ ಒಯ್ದೆ. ಕಣ್ಣಿನ ಒಳಗ ಒತ್ತಡ ಏರಿ ನರ ಒಣಗ್ಯಾವಂತ್ರಿ. ಬೆಳಕು ಬಂದದ್ದು, ಹೋದದ್ದು ಅಷ್ಟ ತಿಳೀತೈತಿ. ದಸರಾದಾಗ ಬಂದಿದ್ರ ಉಳಸ್ತಿದ್ವಿ ಅಂದ್ರು ಡಾಕ್ಟರು.” “ನಮಗಂತೂ ತಿಳೀಲಿಲ್ಲ. ನೀವು ದಿನಾ ನೋಡಾವ್ರು. ನಿಮಗೇನರ ಗೊತ್ತಾಗಿತ್ತೇನ್ರಿ ಅಕ್ಕೋರ?”

“ಇಲ್ಲ ಗುರಪ್ಪ, ನನಗೇನೂ ಗೊತ್ತಾಗಲಿಲ್ಲ,” ಎಂದೆ. ಹೇಳಿದಾಗ ಅದು ನಿಜವೆಂದೇ ನಂಬಿದ್ದೆ.

ಅವನು ಹೋದ ಮೇಲೆ ದಸರೆ ಎಂಬ ಮಾತು ಕಿವಿಯಲ್ಲಿ ಉಳಿಯಿತು. ಶಾಲಾ ತನಿಖೆಗೆಂದು ಇರಿಸಿಕೊಂಡಿದ್ದ ನೋಟ್‌ಬುಕ್ಕುಗಳು ಸ್ಟಾಫ್ ರೂಮಿನ ಬೀರುವಿನಲ್ಲೇ ಇದ್ದವು. ಕಸ್ತೂರಿಯ ಮೂರು ನೋಟ್‌ಬುಕ್ಕುಗಳನ್ನು ಹುಡುಕಿ ತೆಗೆದೆ. ಪೆನ್ನು ಹಿಡಿಯದೆ ಓದಿದ್ದು ಅದೇ ಮೊದಲು. ದಸರೆಯ ಆ ಬಳೆಗಳು ಹೋಲಿಕೆಯಾಗಿರಲಿಲ್ಲ, ಅವಳ ಕಣ್ಣಿಗೆ ಕಂಡದ್ದೇ ಆಗಿತ್ತು.

ದೀಪದ ಸುತ್ತ ಏಳು ಬಳೆಗಳನ್ನು ಕಂಡಿದ್ದೇನೆ. ಈ ವಾರ ಮೂರು ಸಲ ಬಾಗಿಲಿಗೆ ಹಾಯ್ದಿದ್ದೇನೆ. ಅವ್ವ ನನಗೆ ಎಮ್ಮೆ ಎಂದು ಹೆಸರಿಟ್ಟಿದ್ದಾಳೆ. ಹಾಲನ್ನು ಪಾತ್ರೆಯ ಹೊರಗೆ ಸುರಿದಿದ್ದೇನೆ. ನನ್ನ ತಲೆ ನಾಲ್ಕು ದಿನದಿಂದ ನೋಯುತ್ತ ಬಂದಿದೆ. ಹಸಿರು ಬಳೆಯನ್ನು ಕಪ್ಪು ಬಳೆಯ ಡಬ್ಬಿಗೆ ಹಾಕಿದ್ದೇನೆ. ಕಪ್ಪುಹಲಗೆ ದೂರ ಹೋಗಿದೆ. ನಾನು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಶಾಲೆ ಬಿಡಿಸುತ್ತಾನೆ ಎಂಬ ಮಾತನ್ನು ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆದಿದ್ದಳು. ಅದರಲ್ಲಿ ಬೇರೆ ಕಾಲ ಬಂದಿದೆಯೆಂದು ನಾನು ಸುತ್ತು ಹಾಕಿದ್ದೆ. ಉಳಿದ ಎಲ್ಲದಕ್ಕೂ ರೈಟ್ ಮಾರ್ಕು, ಅಂಚಿನಲ್ಲಿ ನನ್ನ ದುಂಡು ಅಕ್ಷರದ ‘ಗುಡ್’. ಅಂದು ಆ ಬೀರುವಿನ ಬಾಗಿಲಿಗೆ ಹಣೆ ಹಚ್ಚಿ ನಾನು ಎಷ್ಟು ಹೊತ್ತು ಅತ್ತೆನೋ ತಿಳಿಯದು.

ಮರುದಿನ ಮಧ್ಯಾಹ್ನ ನೋಟ್‌ಬುಕ್ಕುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವರ ಅಂಗಡಿಗೆ ಹೋದೆ. ಗುರಪ್ಪ ಸಂತೆಗೆ ಹೋಗಿದ್ದ. ಕಸ್ತೂರಿ ನೆಲದ ಮೇಲೆ ಕೂತು ಬಳೆಗಳನ್ನು ಬೆರಳಿನಲ್ಲೇ ಅಳೆದು ಅಳತೆಗೊಂದರಂತೆ ಡಬ್ಬಿಗೆ ಹಾಕುತ್ತಿದ್ದಳು. ನನ್ನ ಕೆಮ್ಮಿನಿಂದಲೇ ಗುರುತು ಹಿಡಿದು ಎದ್ದು ನಿಂತಳು.

“ಅಕ್ಕೋರ! ಐವತ್ತೊಂದು ಬಂದೈತ್ರಿ!”

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಬಂದ ದಾರಿಯಲ್ಲೆಲ್ಲ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ. “ಕಸ್ತೂರಿ, ಬಾಯಿಬಿಟ್ಟು ಒಂದ್ ಮಾತು ನನಗ ಯಾಕ ಹೇಳಲಿಲ್ಲವಾ?” ಎಂದುಬಿಟ್ಟೆ. ನನ್ನ ತಪ್ಪನ್ನು ಅವಳ ಮೇಲೆಯೇ ಹಾಕುವಂಥ ಪ್ರಶ್ನೆ ಅದು.

ಅವಳಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ದಿನಾ ಬರೀತಿದ್ನೆಲ್ರಿ. ಖರೇನ ಬರೀಬೇಕು ಅಂದಿದ್ರಿ. ಮನ್ಯಾಗ ಯಾರಿಗೂ ಇಂಗ್ಲಿಷ್ ಓದಾಕ ಬರೂದಿಲ್ಲ, ನೀವು ಒಬ್ಬರ ಓದಾವ್ರು ಅಂತ ಧೈರ್ಯಲೆ ಬರೀತಿದ್ದೆ. ಹೆದರೂ ಅಂಥಾದ್ದು ಏನರ ಇದ್ರ ಅಕ್ಕೋರು ಹೇಳ್ತಾರ, ಅವರು ಸುಮ್ಮನ ಅದಾರಂದ್ರ ಏನೂ ಆಗಿಲ್ಲ ಅಂತ ತಿಳಕೊಂಡಿದ್ದೆ.”

“ನಾನು ಓದಲಿಲ್ಲವಾ,” ಎಂದೆ. “ಬರೇ ತಿದ್ದಿದೆ.”

ಅವಳು ಕೈಯಲ್ಲಿದ್ದ ಬಳೆಯೊಂದನ್ನು ತಿರುಗಿಸುತ್ತ ಕೂತಳು. ಬೈದಿದ್ದರೆ, ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಕಡೆಗೆ, “ಅಪ್ಪಗ ಇದನ್ನ ಹೇಳಬ್ಯಾಡ್ರಿ,” ಎಂದಳು. “ನಿಮ್ಮ ಮ್ಯಾಲೆ ಭಾಳ ಭಕ್ತಿ ಅವಂಗ.” ಆಮೇಲೆ ಕೈ ಚಾಚಿದಳು. “ತಂದೀರೇನ್ರಿ ನೋಟ್‌ಬುಕ್ಕು?”

ಕೊಟ್ಟೆ. ನಾನು ಗುರಪ್ಪನಿಗೆ ಹೇಳಲಿಲ್ಲ. ಅವಳು ಬೇಡವೆಂದಳು ಎಂಬುದು ನನಗೆ ಸಿಕ್ಕ ಒಳ್ಳೆಯ ನೆಪವಾಗಿತ್ತು, ಅಷ್ಟೆ. ಆ ಊರಿನಲ್ಲಿ ಇದ್ದಷ್ಟು ವರ್ಷವೂ ಅವನು ಎದುರಾದಾಗಲೆಲ್ಲ ಕೈಮುಗಿದ, ನಾನೂ ಮುಗಿದೆ.

ಕಸ್ತೂರಿ ನೋಟ್‌ಬುಕ್ಕನ್ನು ತೊಡೆಯ ಮೇಲೆ ಬಿಡಿಸಿದಳು. ಒಂದು ಹಾಳೆಯನ್ನು ಮಗುಚಿ ಅದರ ಹಿಂಬದಿಯ ಮೇಲೆ ತೋರುಬೆರಳನ್ನು ಮೇಲಿನಿಂದ ಕೆಳಗೆ ಮೆಲ್ಲಗೆ ಎಳೆದಳು. ಉಬ್ಬು ಸಿಕ್ಕಿದ ಕಡೆಯಲ್ಲೆಲ್ಲ ಬೆರಳು ನಿಲ್ಲುತ್ತಿತ್ತು.

“ಒಂದು… ಎರಡು… ಮೂರು…” ಎಂದು ಎಣಿಸುತ್ತ ಹೋದಳು. ಅವಳ ಮುಖ ನಿಧಾನಕ್ಕೆ ಅರಳುತ್ತಿತ್ತು. “ಐದೂ ರೈಟ್ ಅದಾವ್ರಿ ಅಕ್ಕೋರ.”

ಮತ್ತೆ ಹಾಳೆ ಮಗುಚಿದಳು. ಬೆರಳು ಮೇಲಿನ ಗೆರೆಯಿಂದ ಇಳಿಯತೊಡಗಿತು.