ವಸಂತಾಳ ಮೂಗಿಗೆ ಸಿಕ್ಕ ಸ್ಪೇನ್

ಕೋವಿಡ್ ಬಂದುಹೋದ ಮೇಲೆ ವಸಂತಾಳ ಮೂಗು ಸತ್ತೇಹೋಗಿತ್ತು. ರೌಸ್ ಹಿಲ್‌ನ ಮನೆಯಲ್ಲಿ ಹಳಸಿದ ಸಾರನ್ನೂ ಅರಿಯದೆ ಬಡಿಸಿಬಿಡುತ್ತಿದ್ದಳು. ಆಯುಷ್ಯವೆಲ್ಲ ಮಕ್ಕಳ ಡಾಕ್ಟರಾಗಿದ್ದವಳಿಗೆ ತನ್ನ ಕಾಯಿಲೆಗೇ ಮದ್ದಿಲ್ಲವೆಂಬುದು ನುಂಗಲಾರದ ತುತ್ತಾಯಿತು. ವೈನ್ ಎಂದರೆ ಪ್ರಾಣ ಬಿಡುತ್ತಿದ್ದಳು; ಈಗ ಅದು ಬರೀ ಹುಳಿನೀರು.

"ದಿನಾ ಏನಾದ್ರೂ ಮೂಸ್ತಾ ಇರಿ. ಕೆಲವರಿಗೆ ವಾಪಸ್ ಬರತ್ತೆ," ಎಂದಿದ್ದರು ಸ್ಪೆಷಲಿಸ್ಟ್.

ಲವಂಗ, ನಿಂಬೆ ಮೂಸಿ ಬೇಸತ್ತು ವಸಂತಾ ವೈನನ್ನೇ ಹಿಡಿದಳು. ಸತ್ತ ಮೂಗಿಗೆ ದುಬಾರಿ ಬಾಟಲಿ ಏಕೆ? ಅಂಗಡಿಯ ಕೆಳಗಿನ ಶೆಲ್ಫಿನಲ್ಲಿ ಸ್ಪೇನಿನ ಕೆಂಪು ವೈನ್ ಅಗ್ಗಕ್ಕೆ ಸಿಗುತ್ತಿತ್ತು: ಗಾರ್ನಾಚ, ಮೊನಾಸ್ಟ್ರೆಲ್ ಎಂಬ ದ್ರಾಕ್ಷಿಗಳದು. ಸಂಜೆ ಲೋಟ ತಿರುಗಿಸಿ, ಕಣ್ಣು ಮುಚ್ಚಿ ಮೂಸುವಳು. ಏನೂ ಇಲ್ಲ. "ಸಾಕು ಬಿಡೇ," ಎನ್ನುತ್ತಿದ್ದ ಗಂಡ ಮೂರ್ತಿ. ಅವಳು ಬಿಡಲಿಲ್ಲ. ಚಳಿಗಾಲ ಮುಗಿಯುವ ಹೊತ್ತಿಗೆ, ಗಾರ್ನಾಚದೊಳಗಿಂದ ಆಗತಾನೆ ಕುಟ್ಟಿದ ಮೆಣಸು ಮೂಗಿಗೆ ಬಂದು ಬಡಿಯಿತು. "ರೀ!" ಎಂದು ಕೂಗಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಮೂರ್ತಿಗೆ ತಿಳಿಯಲಿಲ್ಲ.

ಈ ವಿಷಯ ಅವರಿಬ್ಬರಲ್ಲೇ ಇತ್ತು. ಬೇಸಿಗೆಯಲ್ಲಿ ಮೆಲ್ಬರ್ನ್‌ಗೆ, ಡ್ಯಾಂಡಿನಾಂಗ್‌ನಲ್ಲಿದ್ದ ಅವಳ ತಮ್ಮ ಇಂದ್ರೇಶನ ಮನೆಗೆ ಹೋದರು. ಅಲ್ಲಿ ವರ್ಷಕ್ಕೊಮ್ಮೆ ಗೆಳೆಯರ ಪಂದ್ಯ: ಕಾಗದ ಸುತ್ತಿದ ಬಾಟಲಿಗಳಲ್ಲಿ ಯಾವ ವೈನ್ ಇದೆಯೆಂದು ಹೇಳಬೇಕು.

"ಅಕ್ಕ, ನೀನು ಸ್ಕೋರ್ ನೋಡ್ಕೋ ಸಾಕು."

"ನಂಗೂ ಗ್ಲಾಸ್ ಕೊಡೋ."

ಎಲ್ಲರೂ ಅಯ್ಯೋ ಪಾಪ ಎಂಬಂತೆ ತಲೆ ತಗ್ಗಿಸಿದರು.

ಮೂರನೇ, ಕಡೆಯ ಬಾಟಲಿಗೆ ಹೋದ ವರ್ಷ ಗೆದ್ದಿದ್ದ ಗುರುದತ್ತ ಚಪ್ಪರಿಸಿದ. "ನಮ್ಮ ಬರೋಸಾ ಕಣಿವೆಯ ಶಿರಾಜ್! ಸಖತ್ ಎಕ್ಸ್‌ಪೆನ್ಸಿವ್!" ಉಳಿದವರೂ ಹೌದೆಂದರು.

ವಸಂತಾ ಮೂಸಿದಳು. ನೇರಳೆಹಣ್ಣು. ಬಿಸಿಲಿಗೆ ಕಾದ ಮಣ್ಣು. ಹಿಂದೆಯೇ ಹೊಸ ಚಪ್ಪಲಿಯ ಚರ್ಮ. ಒಂದು ಗುಟುಕು ಕುಡಿದಳು.

"ಬರೋಸಾ ಅಲ್ಲ, ಸ್ಪೇನ್. ಮೊನಾಸ್ಟ್ರೆಲ್. ಇಲ್ಲಿರೋದ್ರಲ್ಲೆಲ್ಲಾ ಇದೇ ಚೀಪ್, ಇದೇ ಬೆಸ್ಟ್."

ಇಂದ್ರೇಶ್ ನಗುತ್ತಲೇ ಕಾಗದ ಹರಿದ. ಹೆಸರು ಕಂಡದ್ದೇ ನಗು ನಿಂತಿತು. "ಎಲ್ಲರನ್ನೂ ಬೇಸ್ತು ಬೀಳಿಸೋಕೆ ಈ ಚೀಪ್ ಬಾಟ್ಲಿ ಇಟ್ಟಿದ್ದೆ... ಅಕ್ಕ, ನಿನ್ ಮೂಗು?"

"ಬಂತು ಕಣೋ. ಪೂರ್ತಿ ಬಂತು!"

ಗುರುದತ್ತನೇ ಮೊದಲು ಚಪ್ಪಾಳೆ ತಟ್ಟಿದ. ಮೂರ್ತಿ ಎದ್ದು ನಿಂತು ಶಿಳ್ಳೆ ಹಾಕಿದ. ನೋಡನೋಡುತ್ತಿದ್ದಂತೆ ಸ್ಪೇನಿನ ಬಾಟಲಿ ಬರಿದಾಯಿತು; ದುಬಾರಿಯವು ಅರ್ಧರ್ಧ ಹಾಗೇ ಕೂತಿದ್ದವು.

"ಬಾ ಅಕ್ಕ," ಇಂದ್ರೇಶ್ ಚಪ್ಪಲಿ ಮೆಟ್ಟಿಕೊಂಡ. "ಅಂಗಡಿಗೆ ಹೋಗೋಣ. ನೀನೇ ಆರಿಸ್ಬೇಕು."

ವಸಂತಾ ಆಗಲೇ ಬಾಗಿಲು ದಾಟಿದ್ದಳು.