ಕಾಲು ಮೇಲಾದ ಆನೆಗಳು

ಅತ್ತೆ ಹೇಳಿದ್ದು ಇಷ್ಟೇ. "ಭಾನುವಾರ ಮಧ್ಯಾಹ್ನ ಬರ್ತೀನಿ. ಆ ಕೋಣೆಯಲ್ಲಿ ಹಸುಗೂಸು ಮಲಗೋ ಹಾಗಿದ್ರೆ ನನ್ನದೇನೂ ತಕರಾರಿಲ್ಲ. ಇಲ್ಲಾಂದ್ರೆ ಹೆರಿಗೆ ಆದ್ಮೇಲೆ ಮೂರು ತಿಂಗಳು ಸುಮ್ಮನೆ ದೊಡ್ಡವನ ಮನೆಗೆ ಬಂದುಬಿಡು."

ದೊಡ್ಡವನೆಂದರೆ ನನ್ನ ಭಾವ. ಅತ್ತೆ ಇರುವುದು ಅವರ ಜೊತೆಗೇ. ಮನೆ ದೊಡ್ಡದು, ಓರಗಿತ್ತಿಯ ಮನಸ್ಸೂ ಸಣ್ಣದೇನಲ್ಲ. ಆದರೆ ಮೊದಲನೆಯವಳು ಹುಟ್ಟಿದಾಗ ಮೂರು ತಿಂಗಳು ಅಲ್ಲಿದ್ದು ಬಂದವಳು ನಾನು. ಮಗು ಬಾಯಿ ತೆರೆಯುವ ಮೊದಲೇ, ಯಾರ ನಿದ್ದೆ ಕೆಡುತ್ತದೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಫ್ಯಾನ್ ಹಾಕುವುದಕ್ಕೂ ಯಾರನ್ನಾದರೂ ಕೇಳಬೇಕು ಅನ್ನಿಸುತ್ತಿತ್ತು. ಕೇಳು ಅಂತ ಯಾರೂ ಹೇಳಿರಲಿಲ್ಲ, ಅದೇ ಕಷ್ಟ. ಈ ಸಲದ ಮಗು ಅತ್ತರೆ ನನ್ನ ಮನೆಯಲ್ಲೇ ಅಳಲಿ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಕೋಣೆಯ ವಿಷಯದಲ್ಲಿ ಅತ್ತೆ ಹೇಳಿದ್ದು ಸುಳ್ಳಲ್ಲ. ಅಡುಗೆಮನೆಯ ಹಿಂದಿನ ಆ ಕೋಣೆಯಲ್ಲಿ ನಾವು ಬೇಡದ್ದನ್ನೆಲ್ಲ ತುಂಬಿದ್ದೆವು. ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನವಾದರೆ ಒಳಗೆ ಬಾಣಲೆ ಕಾದ ಹಾಗೆ.

ಒಂದು ವಾರದಲ್ಲಿ ಕೋಣೆ ಖಾಲಿಯಾಯಿತು. ಪಕ್ಕದ ಮನೆಯವರ ಬಳಿ ಉಳಿದಿದ್ದ ಎರಡು ಡಬ್ಬಿ ಬಣ್ಣ ಬೆರೆಸಿ ಇವರು ಗೋಡೆಗೆ ಹಚ್ಚಿದರು. ಅದು ಹಸಿರು ಅಂತ ಇವರು, ನೀಲಿ ಅಂತ ಮಗಳು. ಬೂದಿ ಬಣ್ಣ ಅಂದರೆ ಇಬ್ಬರೂ ಮುನಿಸಿಕೊಳ್ಳುತ್ತಾರೆಂದು ನಾನು ಬಾಯಿ ಬಿಡಲಿಲ್ಲ. ಹಳೇ ಸಾಮಾನಿನ ಅಂಗಡಿಯಿಂದ ತೊಟ್ಟಿಲಿನಂಥ ಕಟಕಟೆ ಮಂಚವೊಂದು ಬಂತು. ಅದಕ್ಕೆ ಒಂದು ಕಾಲು ಗಿಡ್ಡ. ಬಿಸಿಲೊಂದು ಬಾಕಿ ಇತ್ತು, ಅದು ನನ್ನ ಪಾಲಿನ ಕೆಲಸ.

ನಾನು ಪರದೆ ಹೊಲಿಯುವ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಥಾನಿನ ಕೊನೆಯಲ್ಲಿ ಮೂರು ಮೀಟರಿಗಿಂತ ಕಡಿಮೆ ಉಳಿದರೆ ಆ ತುಂಡು ಹೊಲಿಯುವವರಿಗೆ, ಸರದಿಯ ಮೇಲೆ. ನನ್ನ ಹೊಟ್ಟೆ ನೋಡಿ ಉಳಿದವರು ತಮ್ಮ ಸರದಿ ಬಿಟ್ಟುಕೊಟ್ಟರು. ಸಿಕ್ಕಿದ್ದು ಆನೆಗಳ ಚಿತ್ರದ ಬಟ್ಟೆ. ಸಾಲುಸಾಲಾಗಿ ಸೊಂಡಿಲೆತ್ತಿದ ಪುಟ್ಟ ಆನೆಗಳು.

ಚಿತ್ರದ ಬಟ್ಟೆಯಾದರೆ ಕತ್ತರಿ ಹಾಕುವ ಮೊದಲು ಹಿಂಬದಿಗೆ ಸೀಮೆಸುಣ್ಣದಲ್ಲಿ ಒಂದು ಬಾಣ ಎಳೆಯಬೇಕು, ಯಾವುದು ಮೇಲೆ ಅಂತ ಗೊತ್ತಾಗಲು. ಹೊಸಬರು ಇದನ್ನು ಮರೆತಾಗೆಲ್ಲ ಬೈದವಳು ನಾನೇ. ಶನಿವಾರ ಕೆಲಸ ಮುಗಿದ ಮೇಲೆ, ಸೊಂಟ ಎರಡು ತುಂಡಾದ ಹಾಗಿದ್ದಾಗ, ಬಟ್ಟೆಯನ್ನು ಬೋರಲು ಹಾಸಿ ದಪ್ಪ ಅಸ್ತರು ಕೊಟ್ಟೆ. ಬೇಗ ಮನೆ ಸೇರಬೇಕೆಂದು ಮಷಿನ್ನಿನಲ್ಲಿ ಮೇಲಂಚಿಗೆ ಸರಳು ತೂರಿಸುವ ಉಕ್ಕಿನ ರಿಂಗುಗಳನ್ನೂ ಹೊಡೆದೆ. ಬಾಣ ಎಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಇವರು ಸ್ಟೂಲು ಹತ್ತಿ ಪರದೆ ಏರಿಸಿದರು. ಮಗಳು ತಲೆ ಓರೆ ಮಾಡಿ ನೋಡಿದಳು.

"ಅಮ್ಮಾ, ಆನೆಗಳೆಲ್ಲ ಬಿದ್ದುಬಿಟ್ಟಿವೆ."

ಇವರು ನಕ್ಕರು, ನನ್ನ ಮುಖ ನೋಡಿ ನಿಲ್ಲಿಸಿದರು. "ತಿರುಗಿಸಿ ಹಾಕಿದ್ರಾಯ್ತಲ್ಲ?"

"ರಿಂಗ್ ಹೊಡೆದಾಗಿದೆ. ಆ ಪಟ್ಟಿ ಕತ್ತರಿಸಿದ್ರೆ ಒಂದು ಗೇಣು ಗಿಡ್ಡ ಆಗುತ್ತೆ. ಬಿಸಿಲಿಗೆ ಒಂದು ಗೇಣು ಸಾಕು."

"ನಮ್ಮಮ್ಮ ನೋಡಿದ್ರೆ ಏನಂತಾರೆ? ಅವರಿಗೆ ಹುಳುಕು ಹುಡುಕೋಕೆ ಕನ್ನಡಕಾನೂ ಬೇಡ."

"ನೋಡಲಿ ಬಿಡಿ. ಬಿಸಿಲು ಬರಲ್ಲ ತಾನೆ? ನೀವು ಆ ಮಂಚದ ಕಾಲು ನೋಡಿ."

ಮಾತು ಗಟ್ಟಿಯಾಗಿಯೇ ಬಂತು. ಕೈ ಮಾತ್ರ ಪರದೆಯ ಅಂಚನ್ನು ಸುಮ್ಮನೆ ಎಳೆಯುತ್ತಲೇ ಇತ್ತು, ಎಳೆದರೆ ಆನೆಗಳು ಎದ್ದಾವು ಅನ್ನುವಂತೆ.

ಇವರು ಮಂಚ ಮಗುಚಿ ಗಿಡ್ಡ ಕಾಲಿಗೆ ಮರದ ಬಿಲ್ಲೆ ಬಡಿಯುತ್ತಿದ್ದರು. ಮಗಳು ಮಗುವಿನ ಹಾಸಿಗೆಯನ್ನು ನೆಲಕ್ಕೆ ಹಾಸಿಕೊಂಡು, ಕಿಟಕಿಯ ಕಡೆಗೆ ತಲೆ ಹಾಕಿ, ಮಂಡಿ ಮಡಿಚಿ ಕೂಸಿನಂತೆ ಮಲಗಿ ಕುಂಯ್ ಕುಂಯ್ ಅನ್ನತೊಡಗಿದಳು. ಏಳು ವರ್ಷದ ಕತ್ತೆ, ಹೊಸ ಹಾಸಿಗೆ ಕೊಳೆಯಾಗುತ್ತೆ ಅಂತ ಗದರಲು ಹೊರಟೆ. ಅವಳು ಸದ್ದು ನಿಲ್ಲಿಸಿದಳು.

"ಅಮ್ಮಾ, ಈಗ ಎದ್ದು ನಡೀತಿವೆ."

"ಯಾವುವೇ?"

"ಆನೆಗಳು. ಇಲ್ಲಿ ಬಾ."

ಎಂಟು ತಿಂಗಳ ಹೊಟ್ಟೆ ಹೊತ್ತು ನೆಲಕ್ಕೆ ಇಳಿಯುವುದೂ ಒಂದು ಪ್ರಯಾಣವೇ. ಇವರು ಕೈ ಕೊಟ್ಟರು. ಅವಳ ಪಕ್ಕ ಮಲಗಿ ಕಣ್ಣನ್ನು ಹಿಂದಕ್ಕೆ, ತಲೆಯ ಕಡೆಗೆ ಹೊರಳಿಸಿದೆ. ಒಂದೊಂದು ಆನೆಯೂ ನಾಲ್ಕು ಕಾಲೂರಿ, ಸೊಂಡಿಲೆತ್ತಿ, ನೆಟ್ಟಗೆ ನಿಂತಿತ್ತು.

"ಮಂಚದ ತಲೆ ಬಾಗಿಲ ಕಡೆ ಬೇಡ, ಕಿಟಕಿ ಕಡೆ ಇಡಿ," ಎಂದೆ. "ಗೋಡೆಗೆ ತಾಗಿಸಬೇಡಿ, ಪರದೆ ಕೈಗೆ ಸಿಗಬಾರದು. ಮೊದಲು ನನ್ನನ್ನ ಎಬ್ಬಿಸಿ."

ಎರಡು ಗಂಟೆಗೆ ಅತ್ತೆ ಬಂದರು. ಚಪ್ಪಲಿ ಬಿಟ್ಟವರೇ ನೇರ ಆ ಕೋಣೆಗೆ ಹೋದರು. ಗೋಡೆಗೆ ಅಂಗೈ ಒತ್ತಿದರು. ಮಂಚವನ್ನು ಅಲ್ಲಾಡಿಸಿದರು, ಅದು ಅಲ್ಲಾಡಲಿಲ್ಲ. ಆಮೇಲೆ ಪರದೆಯ ಮುಂದೆ ನಿಂತರು.

"ಇದು ನಿನ್ನ ಕೈಕೆಲಸಾನೇನೇ?"

"ನಂದೇ ಅತ್ತೆ. ಬಾಣ ಹಾಕೋದು ಮರೆತೆ, ತಲೆಕೆಳಗಾಯ್ತು. ಆದರೆ ಮಗು ಏನು ನಿಂತ್ಕೊಂಡು ನೋಡುತ್ತಾ? ನೀವು ಮಲಗಿ ನೋಡಿ."

"ಈ ಮಂಡಿ ಇಟ್ಕೊಂಡು ನೆಲಕ್ಕೆ ಬಿದ್ರೆ ಎತ್ತೋರು ಯಾರು?"

"ಅಪ್ಪ ಎತ್ತುತ್ತಾರೆ ಅಜ್ಜಿ," ಎಂದಳು ಮಗಳು. "ಅಮ್ಮನ್ನೇ ಎತ್ತಿದ್ರು."

ಚಾಪೆ ಹಾಸಿ, ಕಿಟಕಿಯ ಕಡೆಗೆ ದಿಂಬು ಇಟ್ಟೆವು. ಅತ್ತೆ ಗೊಣಗುತ್ತ ಮಲಗಿ ಮೇಲೆ ನೋಡಿದರು. ಹೊರಗೆ ರಸ್ತೆ ಸುಡುತ್ತಿತ್ತು, ಒಳಗೆ ಮುಸ್ಸಂಜೆಯ ಬೆಳಕು.

"ಹೂಂ," ಎಂದರು. ಆಮೇಲೆ ಮಾತಿಲ್ಲ. ಕೋಪವೋ ಏನೋ ಎಂದು ಬಗ್ಗಿದೆ. ಅತ್ತೆಗೆ ಗೊರಕೆ ಹತ್ತಿತ್ತು.

ಒಂದೂವರೆ ಗಂಟೆ ಮಲಗಿದರು. ಎದ್ದು ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಮಗನ ಕಡೆ ತಿರುಗಿದರು.

"ಅಣ್ಣನಿಗೆ ಹೇಳು, ಅಲ್ಲಿ ಏನೂ ತಯಾರಿ ಬೇಡ ಅಂತ. ಬಾಣಂತನಕ್ಕೆ ನಾನೇ ಇಲ್ಲಿಗೆ ಬರ್ತೀನಿ." ಆಮೇಲೆ ನನ್ನನ್ನು ನೋಡಿದರು. "ಆ ಕೋಣೆಯಲ್ಲಿ ನನ್ನ ಚಾಪೆಗೆ ಜಾಗ ಇದೆ ಅಲ್ವಾ?"

"ಅದು ಮಗುವಿನ ಕೋಣೆ ಅತ್ತೆ," ಎಂದೆ. "ನಿಮಗೆ ಹಾಲ್‌ನಲ್ಲಿ ಮಂಚ ಹಾಕಿಸ್ತೀನಿ. ಅಲ್ಲಿಗೂ ಒಂದು ಪರದೆ ಹೊಲೀತೀನಿ."

ಅತ್ತೆ ಖಾಲಿ ಲೋಟವನ್ನು ನನ್ನ ಕಡೆ ಸರಿಸಿದರು.

"ಹೊಲಿ. ಆದರೆ ಗೀಟಿನ ಬಟ್ಟೆ ತಗೋ."