ಸೋಪಿನ ಮಗ್ಗು

ಗುಳ್ಳೆ ಇನ್ನೂ ಒಡೆದಿಲ್ಲ, ಅಟೆಂಡರ್ ಆ ಮೂಲೆಯ ಬೇಸಿನ್ನಿನಲ್ಲಿ ಲೋಟ ತೊಳೆದು ಕವುಚಿಟ್ಟು ಹೋದ, ಲೋಟದ ಅಂಚಿನಲ್ಲಿ ಒಂದೇ ಒಂದು ಸೋಪಿನ ಗುಳ್ಳೆ, ಮೈಮೇಲೆ ಒಂಚೂರು ನೀಲಿ, ನೀಲಿ ಬೇಡ, ಬೆಳೆಯುತ್ತಿದೆಯಾ ಅದನ್ನು ನೋಡು, ಬೆಳೆದರೆ ಲೀಕು, ಸುಮ್ಮನಿದ್ದರೆ ಬರೀ ಸೋಪು – ಥೂ, ಇಲ್ಲಿ ಎಂಥ ಲೀಕು, ಇದು ವಿಚಾರಣೆ ಕೋಣೆಯ ಹೊರಗಿನ ಬೆಂಚು, ಒಳಗೆ ನನ್ನ ಷಡ್ಡಕ ಮಾತಾಡುತ್ತಿದ್ದಾನೆ, ಅವನಾದ ಮೇಲೆ ನಾನು. ಮೂವತ್ತೊಂದು ವರ್ಷದ ಚಾಳಿ, ಹಾಲು ಉಕ್ಕುತ್ತಿದ್ದರೂ ಒಲೆ ಆರಿಸದೆ ಗುಳ್ಳೆ ನೋಡ್ತಾ ನಿಲ್ತೀರಲ್ಲ ಎಂದು ಬೈಯುತ್ತಾಳೆ ಇವಳು. ಏನು ಮಾಡಲಿ, ಹೈಡ್ರೋಜನ್ನಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಸೋಪಿನ ನೀರು ಹಚ್ಚಿದರೆ ಮಾತ್ರ ಮುಖ ತೋರಿಸುತ್ತದೆ. ನಮ್ಮ ಪವರ್ ಸ್ಟೇಷನ್ನಿನ ಅಷ್ಟು ದೊಡ್ಡ ಜನರೇಟರ್, ನಿಮಿಷಕ್ಕೆ ಮೂರು ಸಾವಿರ ಸುತ್ತು, ಒಳಗಿನ ತಾಮ್ರ ಕಾದು ಸುಟ್ಟುಹೋಗಬಾರದು ಅಂತ ಅದರ ಹೊಟ್ಟೆಗೆ ಹೈಡ್ರೋಜನ್ ತುಂಬುತ್ತೇವೆ, ಗಾಳಿಗಿಂತ ಹಗುರ, ತಿರುಗುವುದಕ್ಕೆ ಅಡ್ಡ ಬರುವುದಿಲ್ಲ, ಬಿಸಿಯನ್ನು ಬೇಗ ಹೊತ್ತೊಯ್ಯುತ್ತದೆ, ಒಳಗೆ ಶುದ್ಧವಾಗಿರುವವರೆಗೆ ತಂಪು, ಹೊರಬಂದು ಗಾಳಿ ಜೊತೆ ಸೇರಿತೋ ಬೆಂಕಿ – ನೆಂಟರು ಇದ್ದ ಹಾಗೆ ಬಿಡಿ ಅಣ್ಣ, ಎಂದು ನಗುತ್ತಿದ್ದವನೂ ಇವನೇ, ನನ್ನ ಹೆಂಡತಿಯ ತಂಗಿಯ ಗಂಡ, ನಾನೇ ಸಾಹೇಬರ ಕೈಕಾಲು ಹಿಡಿದು ಇವನನ್ನು ಕೆಲಸಕ್ಕೆ ಸೇರಿಸಿದ್ದು, ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡದ್ದು.

ನಿಮ್ಮ ಮಂಡಿ ಈ ಏಣಿಗೆ ಆಗಲ್ಲ ಅಣ್ಣ, ಮೇಲಿನ ಪೈಪ್ ಜಾಯಿಂಟೆಲ್ಲಾ ನಾನು ನೋಡ್ಕೋತೀನಿ, ನೀವು ಕೆಳಗಿಂದು ನೋಡಿ ಸಾಕು. ಮೂರು ವರ್ಷದ ಹಿಂದೆ ಹೇಳಿದ್ದು, ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸ್ವಂತ ತಮ್ಮನಿಗೂ ಇಲ್ಲದ ಕಾಳಜಿ, ನಿನ್ನ ತಂಗಿ ಪುಣ್ಯ ಮಾಡಿದ್ದಳು ಕಣೇ ಎಂದು ಮನೆಗೆ ಹೋಗಿ ಇವಳಿಗೆ ಹೇಳಿದೆ. ನಮ್ಮ ಬಚ್ಚಲಿನ ನೀಲಿ ಮಗ್ಗು, ಹಿಡಿ ಮುರಿದದ್ದು, ಅದನ್ನೇ ತಂದುಕೊಟ್ಟೆ ಅವನ ಸೋಪಿನ ನೀರಿಗೆ, ಜೊತೆಗೆ ಒಂದು ಹೊಸ ಬ್ರಷ್ಷು, ಎರಡನ್ನೂ ಮೇಲೇ ಇಟ್ಟುಕೊಂಡ. ಪ್ರತಿ ಸೋಮವಾರ ಬೆಳಿಗ್ಗೆ ಹತ್ತುತ್ತಿದ್ದ, ಅರ್ಧ ಗಂಟೆ ಬಿಟ್ಟು ಇಳಿಯುತ್ತಿದ್ದ, ಮೇಲೆ ಕೂತು ಮೊಬೈಲ್ ನೋಡುತ್ತಿದ್ದನೋ ಏನು ಕತೆಯೋ, ಇಳಿದು ಚೆಕಿಂಗಿನ ಎರಡು ಹಾಳೆ ಚಾಚುತ್ತಿದ್ದ, ಕೆಳಗಿನದಕ್ಕೊಂದು ಮೇಲಿನದಕ್ಕೊಂದು, ಎರಡಕ್ಕೂ ನೀವೇ ಸೈನ್ ಹಾಕಿ ಅಣ್ಣ, ಹಿರಿಯರು, ನಿಮ್ಮ ಸೈನಿಗಿರೋ ಬೆಲೆ ನಂದಕ್ಕೆಲ್ಲಿ. ಹಾಕಿದೆ, ಉಬ್ಬಿಕೊಂಡು ಹಾಕಿದೆ, ಬೆಳ್ಳಗಿರುವುದೆಲ್ಲ ಹಾಲು ಅಂದುಕೊಳ್ಳುವ ಪೈಕಿ ನಾನು. ಹೋದ ತಿಂಗಳು ಹೈಡ್ರೋಜನ್ನಿನ ಒತ್ತಡ ಇಳಿಯತೊಡಗಿತು, ದಿನಕ್ಕೊಂದು ಸಿಲಿಂಡರ್ ತುಂಬುವ ಕಡೆ ಮೂರು, ನೆಲದ ಮೇಲೆ ಮಲಗಿ ಕೆಳಗಿನ ಜಾಯಿಂಟೆಲ್ಲ ಮೂರು ಸಲ ನೋಡಿದೆ, ಗುಳ್ಳೆ ಇಲ್ಲ, ಮೇಲೆ ಸರಿಯಾಗಿ ನೋಡಿದೆಯೇನೋ ಅಂದರೆ, ಅಯ್ಯೋ ನೋಡಿದೆ ಅಣ್ಣ, ಒಂದು ಗುಳ್ಳೆನೂ ಇಲ್ಲ, ಮುದುಕಿ ಮೆಷೀನು, ಸ್ವಲ್ಪ ಉಸಿರು ಬಿಡ್ತಾಳೆ. ನಾನೂ ನಕ್ಕೆ.

ಗುಬ್ಬಿ, ನಮ್ಮ ಫಿಟ್ಟರ್, ಆಳು ಗಿಡ್ಡ ಅಂತ ಎಲ್ಲರೂ ಗುಬ್ಬಿ ಅನ್ನುವುದು, ಬುಧವಾರ ಮಟಮಟ ಮಧ್ಯಾಹ್ನ ಮೇಲಿನ ವಾಲ್ವ್ ಬಿಗಿಮಾಡಲು ಹೋದ. ಹೈಡ್ರೋಜನ್ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅನುಮಾನ ಇರುವ ಕಡೆ ಪೊರಕೆ ಮುಂದೆ ಚಾಚಿಕೊಂಡು ನಡೆಯುತ್ತೇವೆ, ಪೊರಕೆಯ ತುದಿ ತಾನಾಗಿ ಹೊತ್ತಿಕೊಂಡರೆ ಅಲ್ಲಿ ಬೆಂಕಿ ಇದೆ ಅಂತ, ಹೊಸಬರು ನೋಡಿ ನಗುತ್ತಾರೆ. ಗುಬ್ಬಿ ಪೊರಕೆ ಎತ್ತಿಕೊಂಡಿದ್ದನಂತೆ, ಆಮೇಲೆ ಹಾಳೆ ನೋಡಿದ, ಮೇಲೆ ಎಲ್ಲಾ ಸರಿ, ಅದರಡಿ ನನ್ನ ಸೈನು, ಪೊರಕೆಯನ್ನು ಗೋಡೆಗೆ ಒರಗಿಸಿ ಹತ್ತಿದ, ಏನೂ ಇಲ್ಲದ ಕಡೆಗೆ ಎರಡೂ ಕೈ ಚಾಚಿದ – ಆ ಕೂಗು – ಆಸ್ಪತ್ರೆಯಲ್ಲಿ ಎರಡು ಕೈಗೂ ಮೊಣಕೈತನಕ ಬ್ಯಾಂಡೇಜು, ಬೈಯಲೂ ಇಲ್ಲ ಪುಣ್ಯಾತ್ಮ, ನೀವು ಸೈನ್ ಹಾಕಿದ್ರಲ್ಲ ಸಾರ್, ಅದಕ್ಕೇ ಪೊರಕೆ ಬಿಟ್ಟೆ. ಮೆಷೀನು ನಿಲ್ಲಿಸಿ, ಕಾರ್ಬನ್ ಡೈಆಕ್ಸೈಡ್ ನುಗ್ಗಿಸಿ ಹೈಡ್ರೋಜನ್ನೆಲ್ಲ ಹೊರಗಟ್ಟಿದ ಮೇಲೆ ನಾನೇ ಏಣಿ ಹತ್ತಿದೆ, ಇಪ್ಪತ್ತೆರಡು ಮೆಟ್ಟಿಲು, ಮಂಡಿಯಲ್ಲಿ ಪ್ರಾಣ ಹೋಗುವಷ್ಟು ನೋವು, ಆದರೂ ಹತ್ತಿದೆ, ಅಂದರೆ ಹತ್ತಬಹುದಿತ್ತು, ಮೂರು ವರ್ಷವೂ ಹತ್ತಬಹುದಿತ್ತು, ಮೇಲೆ, ಬೆಂಕಿ ಮುಟ್ಟದ ಆ ಮೂಲೆಯಲ್ಲಿ, ನೀಲಿ – ಬೇಡ, ಈಗ ಬೇಡ.

ಬಾಗಿಲು ಅರ್ಧ ತೆರೆಯಿತು, ಷಡ್ಡಕನ ದನಿ, ಅದೇ ಮೆತ್ತನೆ ದನಿ, ಜಾಯಿಂಟ್ ನೋಡೋದು ಅವರ ಕೆಲಸ ಸಾರ್, ಕೆಳಗಿಂದೂ ಮೇಲಿಂದೂ, ಎರಡು ಹಾಳೇಲೂ ಅವರದೇ ಸೈನಿದೆ ನೋಡಿ, ಪಾಪ ಮಂಡಿ ನೋವು, ಹತ್ತದೇನೇ ಹಾಕ್ಬಿಟ್ಟಿದ್ರೋ ಏನೋ, ಹಿರಿಯರನ್ನ ನಾನು ಹೇಗೆ ಕೇಳ್ಲಿ. ಪಾಪ ಅಂದ! ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ, ಹೇಳಿಬಿಡುತ್ತೇನೆ, ಎಲ್ಲಾ ಹೇಳಿಬಿಡುತ್ತೇನೆ – ಇವಳು ಬೆಳಿಗ್ಗೆ ನನ್ನ ಅಂಗಿ ಗುಂಡಿ ಹಾಕುತ್ತಾ, ಮುಖ ನೋಡದೆ, ನೀವು ಹೇಗೂ ಬರೋ ವರ್ಷ ರಿಟೈರು, ಅವರಿಗಿನ್ನೂ ಇಪ್ಪತ್ತು ವರ್ಷ ಸರ್ವೀಸಿದೆ, ನನ್ನ ತಂಗಿ ಮುಖ ನೋಡಿ ಒಪ್ಕೊಂಡುಬಿಡಿ ಅಂದಳು. ನೀನೂನಾ? ಕೊನೆಯ ಗುಂಡಿ ನಾನೇ ಹಾಕಿಕೊಂಡೆ, ಗುಬ್ಬಿಯ ಕೈಯ ಮಾತು ಅವಳು ಎತ್ತಲೇ ಇಲ್ಲ. ಷಡ್ಡಕ ಹೊರಗೆ ಬಂದ, ನಾನು ಏಳುವುದು ನೋಡಿ ತೋಳು ಹಿಡಿದ, ನಿಧಾನ ಅಣ್ಣ, ಮಂಡಿ.

ಕೂತ್ಕೊಳ್ಳಿ, ಎಂದರು ವಿಚಾರಣೆಯ ಸಾಹೇಬರು, ಈ ಸೈನ್ ನಿಮ್ದೇ ತಾನೆ, ಹೌದು ಸಾರ್ ನಂದೇ, ಆದ್ರೆ, ಆದ್ರೆ ಏನು ಹೇಳಿ, ಮೇಲೆ ಹೋಗಿ ನೀವೇ ನೋಡಿದ್ರಾ ಇಲ್ವಾ – ನೋಡಿದೆ, ಮೊನ್ನೆ ನೋಡಿದೆ, ಮಗ್ಗು, ತಳದಲ್ಲಿ ದೂಳು, ಬ್ರಷ್ಷು ನಾನು ಕೊಟ್ಟ ದಿನದ ಹಾಗೇ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ, ಮಾತಾಡಿ, ನಿಮ್ಮನ್ನೇ ಕೇಳ್ತಿರೋದು, ನೀಲಿ ಮಗ್ಗು, ಅದರ ಬಾಯಿಗೆ ಅಡ್ಡಲಾಗಿ ಜೇಡರ ಬಲೆ, ಒಂದು ಎಳೆಯೂ ಹರಿದಿಲ್ಲ, ಒಂದು ಎಳೆಯೂ